ಟರ್ನ್‌ಬೆರಿ ನಿಲ್ದಾಣ: ಹೋಟೆಲಿನ ಹೆಬ್ಬಾಗಿಲು
1906–1942

ಸ್ಕಾಟ್ಲೆಂಡಿನ ಏರ್‌ಶೈರ್ ಕರಾವಳಿಯ ಈ ನಿಲ್ದಾಣವೂ ಪಕ್ಕದ ಐಷಾರಾಮಿ ಹೋಟೆಲೂ 1906ರ ಮೇ ತಿಂಗಳಲ್ಲಿ ಒಟ್ಟಿಗೇ ಆರಂಭವಾದವು. ಎರಡರ ಹಿಂದೆಯೂ ಇದ್ದುದು ಗ್ಲಾಸ್ಗೋ ಅಂಡ್ ಸೌತ್ ವೆಸ್ಟರ್ನ್ ರೈಲ್ವೆ ಕಂಪನಿ. ರೈಲಿನಿಂದ ಇಳಿದ ಅತಿಥಿಗಳು ಮಳೆಗಾಳಿಗೆ ಮೈಯೊಡ್ಡದೆ, ಚಾವಣಿಯಿದ್ದ ಹಾದಿಯಲ್ಲಿ ನಡೆದು ನೇರವಾಗಿ ಹೋಟೆಲಿಗೆ ಬರುತ್ತಿದ್ದರು. ಆದ್ದರಿಂದ ಇದನ್ನು ಹೋಟೆಲಿನ ಬಳಿಯಿದ್ದ ನಿಲ್ದಾಣ ಎನ್ನುವುದಕ್ಕಿಂತ ಹೋಟೆಲಿನದೇ ಹೆಬ್ಬಾಗಿಲು ಎನ್ನುವುದು ಸರಿ.

ಜನರನ್ನು ಸೆಳೆದದ್ದು ರೈಲಲ್ಲ, ಅದಕ್ಕೂ ಮೊದಲೇ, 1901ರಲ್ಲಿ, ಇಲ್ಲಿದ್ದ ಗಾಲ್ಫ್ ಮೈದಾನ ಎಂಬ ವಾದವುಂಟು. ಆದರೆ ಆ ಮೈದಾನ ಮಾಡಿಸಿದ ಏಲ್ಸಾದ ಮಾರ್ಕ್ವಿಸ್ ಇದೇ ರೈಲ್ವೆ ಕಂಪನಿಯ ನಿರ್ದೇಶಕರಲ್ಲೊಬ್ಬರು. ಮೈದಾನ, ಹಳಿ, ಹೋಟೆಲು ಮೂರೂ ಒಂದಕ್ಕೊಂದು ಹೆಣೆದುಕೊಂಡೇ ಬೆಳೆದವು. ರೈಲು ನಿಂತ ಮೇಲೂ ಹೋಟೆಲು ಉಳಿಯಿತಲ್ಲ ಎಂದೂ ಕೇಳಬಹುದು. ಅದು ಮೋಟಾರು ಕಾರು ರೈಲಿನ ಜಾಗ ಹಿಡಿದ ಕಾಲದ ಮಾತು. ಏರ್ ಕಡೆಯಿಂದ ಬರುತ್ತಿದ್ದ ಪ್ರಯಾಣಿಕರ ರೈಲು 1930ರಲ್ಲಿ ನಿಂತಿತು. 1932ರಲ್ಲಿ ಮತ್ತೆ ಓಡಿದರೂ ಮರುವರ್ಷವೇ ಕೊನೆಗೊಂಡಿತು. ಆದರೆ ಗಿರ್ವಾನ್ ಕಡೆಯ ತುಂಡು ಹಾದಿಯನ್ನು ಹೋಟೆಲಿನ ಅತಿಥಿಗಳಿಗಾಗಿ 1942ರವರೆಗೂ ಉಳಿಸಿಕೊಂಡರು. ಕರಾವಳಿಯ ಹಳ್ಳಿಗಳು ರೈಲು ಕಳೆದುಕೊಂಡರೂ ಈ ನಿಲ್ದಾಣ ಬದುಕಿತ್ತು ಎಂಬುದೇ ಅದು ಯಾರಿಗಾಗಿ ಇತ್ತು ಎಂಬುದಕ್ಕೆ ಸಾಕ್ಷಿ. ನಿಲ್ದಾಣವನ್ನು ಬಿಟ್ಟು ಬರೆದ ಹೋಟೆಲಿನ ಚರಿತ್ರೆ ಅಪೂರ್ಣ.