ಥೆಯೊದೊತನ ಶಿಲೆ: ಅಡಿಪಾಯ ಹಾಕಿದವರ ಸ್ಮರಣೆ

ನಮ್ಮ ದೇವಾಲಯಗಳ ಹೆಬ್ಬಾಗಿಲ ಬಳಿ ಸಾಮಾನ್ಯವಾಗಿ ಅಡಿಗಲ್ಲಿನ ಫಲಕವೊಂದು ಇರುತ್ತದೆ. ಅದನ್ನು ಆಶೀರ್ವದಿಸಿದ ಧರ್ಮಾಧ್ಯಕ್ಷರ ಹೆಸರು, ಧರ್ಮಕೇಂದ್ರದ ಗುರುಗಳ ಹೆಸರು ಮತ್ತು ದಿನಾಂಕ ಅದರಲ್ಲಿ ಕೆತ್ತಲ್ಪಟ್ಟಿರುತ್ತವೆ. ಕಟ್ಟಡ ಯಾವ ಸೇವೆಗಾಗಿ ಎದ್ದಿತೆಂಬುದನ್ನು ಫಲಕ ಹೇಳುವುದು ಅಪರೂಪ. ಅದನ್ನು ಹೇಳುವ ಪುರಾತನ ಶಿಲೆಯೊಂದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಜೆರುಸಲೇಮಿನ ಮಹಾದೇವಾಲಯದ ದಕ್ಷಿಣಕ್ಕಿರುವ ಓಫೆಲ್ ದಿಬ್ಬದಲ್ಲಿ ರೇಮಂಡ್ ವೈಲ್ 1913–14ರಲ್ಲಿ ಉತ್ಖನನ ನಡೆಸಿದಾಗ, ನೀರಿನ ತೊಟ್ಟಿಯೊಂದರಲ್ಲಿ ಈ ಸುಣ್ಣಕಲ್ಲು ದೊರೆಯಿತು. ಸುಮಾರು 75 ಸೆಂ.ಮೀ. ಅಗಲ, 41 ಸೆಂ.ಮೀ. ಎತ್ತರದ ಅದರ ಮೇಲೆ ಗ್ರೀಕ್ ಭಾಷೆಯ 10 ಸಾಲುಗಳಿವೆ. ಕೆಲವರು ಇದನ್ನು ಮುಂದಿನ ಶತಮಾನಗಳದ್ದೆಂದು ವಾದಿಸಿದ್ದಾರೆ, ಆದರೆ ಕ್ರಿ.ಶ. 70ರ ವಿನಾಶಕ್ಕೆ ಮೊದಲಿನದೆಂಬುದೇ ಬಹುಪಾಲು ವಿದ್ವಾಂಸರ ಅಭಿಮತ.

ವೆತ್ತೇನನ ಮಗ ಥೆಯೊದೊತನು ಯಾಜಕ; ಪ್ರಾರ್ಥನಾಮಂದಿರದ ಅಧ್ಯಕ್ಷ. ಅವನ ತಂದೆಯೂ ತಾತನೂ ಅದೇ ಹುದ್ದೆಯಲ್ಲಿದ್ದವರು. ಧರ್ಮಶಾಸ್ತ್ರದ ಪಠಣಕ್ಕೂ ಆಜ್ಞೆಗಳ ಬೋಧನೆಗೂ ಮಂದಿರವನ್ನು, ದೂರದೇಶಗಳಿಂದ ಬಂದು ಆಸರೆ ಬೇಕಾದವರಿಗೆ ಅತಿಥಿಗೃಹ, ಕೊಠಡಿ ಹಾಗೂ ನೀರಿನ ವ್ಯವಸ್ಥೆಯನ್ನು ಅವನು ಕಟ್ಟಿಸಿದನೆಂದು ಶಾಸನ ತಿಳಿಸುತ್ತದೆ. ಅಡಿಪಾಯ ಹಾಕಿದ ಕೀರ್ತಿಯನ್ನಾದರೋ ಅದು ಅವನ ಪೂರ್ವಜರಿಗೆ, ಹಿರಿಯರಿಗೆ ಮತ್ತು ಸಿಮೋನಿದ ಎಂಬಾತನಿಗೆ ಸಲ್ಲಿಸುತ್ತದೆ.

ಶುಭಸಂದೇಶಗಳ ಅಧ್ಯಯನಕ್ಕೆ ಇದರ ಮಹತ್ವ ಸ್ಪಷ್ಟ. ಕ್ರಿ.ಶ. 70ಕ್ಕೆ ಮೊದಲು ಪ್ರಾರ್ಥನಾಮಂದಿರವೆಂದರೆ ಜನರ ಕೂಟ ಮಾತ್ರ, ಅದಕ್ಕೆಂದೇ ಕಟ್ಟಿದ ಮಂದಿರವಲ್ಲ ಎಂದು ವಾದಿಸಿದವರಿಗೆ ಈ ಶಿಲೆ ಬಲವಾದ ಉತ್ತರ. ಯಾಯಿರ, ಕ್ರಿಸ್ಪ ಮೊದಲಾದವರು ಹೊಂದಿದ್ದ ಹುದ್ದೆಯ ಹೆಸರೇ ಇಲ್ಲಿದೆ. ವೆತ್ತೇನ ಎಂಬ ರೋಮನ್ ಹೆಸರಿನ ಆಧಾರದಿಂದ, ಪ್ರೇಷಿತರ ಕಾರ್ಯಕಲಾಪಗಳು 6:9ರಲ್ಲಿ ಬರುವ, ಬಿಡುಗಡೆ ಹೊಂದಿದವರ ಪ್ರಾರ್ಥನಾಮಂದಿರ ಇದೇ ಎಂದು ಕೆಲವರು ಊಹಿಸಿದ್ದಾರೆ. ಊಹೆ ಆಕರ್ಷಕವಾದರೂ ಸಿದ್ಧವಾದುದಲ್ಲ. ಅದನ್ನು ಪ್ರಮಾಣವೆಂದು ಬೋಧಿಸಲಾಗದು.

ನಮ್ಮನ್ನು ಹೆಚ್ಚು ಚಿಂತನೆಗೆ ಹಚ್ಚುವುದು ಬೇರೊಂದು ಅಂಶ. ಥೆಯೊದೊತ ಬಲಿಯರ್ಪಣೆಯ ವಂಶದವನು. ಮಹಾದೇವಾಲಯ ಕೂಗಳತೆಯ ದೂರದಲ್ಲಿತ್ತು. ಆದರೂ ಶಿಲೆ ಅವನನ್ನು ಸ್ಮರಿಸುವುದು ವಾಕ್ಯಬೋಧನೆ ಮತ್ತು ಅತಿಥಿಸತ್ಕಾರಗಳ ಮೂಲಕ. ಧರ್ಮಶಾಸ್ತ್ರದ ಪಠಣವೂ ಪರಸ್ಥಳದವರ ಕುಡಿಯುವ ನೀರೂ ಒಂದೇ ವಾಕ್ಯದಲ್ಲಿ ಸೇರಿವೆ. ಎರಡನೆಯದು ಮೊದಲನೆಯದರ ಅನುಬಂಧವಲ್ಲ.

ಸಂತ ಪೇತ್ರರ ಮೊದಲನೆಯ ಪತ್ರ ಕ್ರಿಸ್ತರನ್ನು ಮೂಲೆಗಲ್ಲೆಂದೂ ವಿಶ್ವಾಸಿಗಳನ್ನು ಸಜೀವ ಕಲ್ಲುಗಳೆಂದೂ ಕರೆಯುತ್ತದೆ. ನಾಳೆ ಧರ್ಮಕೇಂದ್ರಗಳ ಹೊಣೆ ಹೊರುವ ಯಾಜಕಾಭ್ಯರ್ಥಿಗಳು ಅಡಿಗಲ್ಲಿನ ಮೇಲೆ ತಮ್ಮ ಹೆಸರು ಕೆತ್ತಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಇಲ್ಲಿ ವಾಕ್ಯವನ್ನು ಬೋಧಿಸುವವರಾರು? ಅಪರಿಚಿತನು ತಂಗುವುದೆಲ್ಲಿ? ನಮಗಿಂತ ಮುಂಚೆ ಅಡಿಪಾಯ ಹಾಕಿದವರ ಹೆಸರುಗಳನ್ನು ನಾವು ಉಳಿಸಿಕೊಂಡಿದ್ದೇವೆಯೇ?