ಉಪ್ಪಿನ ಮೂಟೆ ಜೊತೆ ನಡೆದು ಬಂದ ಮಾತು

ನಮ್ಮ ಐಮಂಗಲದ ಕಡೆ ಮದುವೆಗೆ ವಾಲಗ ಬೇಕು, ಕಾಳು ಕೇರೋಕೆ ಮೊರ ಬೇಕು. ಈ ಎರಡೂ ಕಸುಬಿನಲ್ಲಿ ಕೊರಮ, ಕೊರಚ ಜನರ ಕೈಯಿದೆ. ಊರಿನವರ ಜೊತೆ ಅವರು ಆಡೋದು ಕನ್ನಡ. ಮನೆಯೊಳಗೆ ಹಿರಿಯರು ಆಡೋ ಮಾತು ಬೇರೆ. ಅದೇ ಕುಳು ಭಾಷೆ.

'ಅದು ಕಳ್ಳರ ಗುಟ್ಟಿನ ಮಾತು' ಅಂತ ಹೇಳೋರನ್ನು ನಾವೂ ಕೇಳಿದ್ದೇವೆ. ಅದು ಸುಳ್ಳು. ಕುಳು ತಮಿಳಿಗೆ ಹತ್ತಿರದ ದ್ರಾವಿಡ ಭಾಷೆ. ಇದಕ್ಕೆ ಅಕ್ಕತಂಗಿಯರೂ ಇದ್ದಾರೆ. ಆಂಧ್ರ, ತೆಲಂಗಾಣದಲ್ಲಿ ಎರುಕಲರ ಮಾತು, ಮಹಾರಾಷ್ಟ್ರದಲ್ಲಿ ಕೈಕಾಡಿ. ಎರುಕಲರು ತಮ್ಮನ್ನು 'ಕುರ್ರು' ಎಂದು ಕರೆದುಕೊಳ್ಳುತ್ತಾರೆ. 1906ರಲ್ಲಿ ಬಂದ ಭಾರತದ ಭಾಷಾ ಸರ್ವೆಯ ನಾಲ್ಕನೇ ಸಂಪುಟ ಕೊರವ ಮತ್ತು ಕೈಕಾಡಿ ಮಾತುಗಳನ್ನು ತಮಿಳಿನ ಕೆಳಗೇ ಇಟ್ಟಿತ್ತು.

ಒಂದೇ ಕುಲದ ಮಾತು ಇಷ್ಟು ದೂರ ಹರಡಿದ್ದು ಹೇಗೆ? ಉತ್ತರ ಅವರ ದುಡಿಮೆಯಲ್ಲಿದೆ. ಎತ್ತು, ಕತ್ತೆಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಸೀಮೆಯಿಂದ ಸೀಮೆಗೆ ನಡೆದವರು ಇವರು. 'ಉಪ್ಪು ಕೊರಚ' ಎಂಬ ಹೆಸರು ಇಂದಿಗೂ ಇದೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಕೂಡ ಇವರ ಬುಟ್ಟಿ ಹೆಣಿಗೆ, ಉಪ್ಪಿನ ವ್ಯಾಪಾರದ ಬಗ್ಗೆ ಬರೆದಿದ್ದಾನೆ. ಹೋದ ಕಡೆಯ ಕನ್ನಡ, ತೆಲುಗು, ಮರಾಠಿ ಪದಗಳು ಅವರ ಮಾತಿಗೆ ಸೇರಿಕೊಂಡವು.

ಆಮೇಲೆ ರೈಲು ಬಂತು, ಉಪ್ಪಿನ ವ್ಯಾಪಾರ ಕೈತಪ್ಪಿತು. ಊರೂರು ಅಲೆಯೋರ ಮೇಲೆ ಸರ್ಕಾರಕ್ಕೆ ಅನುಮಾನ ಹೆಚ್ಚಿತು. 1871ರಲ್ಲಿ ಬ್ರಿಟಿಷರು ತಂದ ಕಾಯ್ದೆ ಹುಟ್ಟಿದ ಜಾತಿಯನ್ನೇ ಅಪರಾಧ ಮಾಡಿತು. 1911ರ ತಿದ್ದಿದ ಕಾಯ್ದೆ ಮದರಾಸು ಪ್ರಾಂತ್ಯಕ್ಕೂ ಬಂದು ಎರುಕಲ, ಕೊರಚರ ಮೇಲೆ ಬಿತ್ತು. ಪೊಲೀಸರ ಮುಂದೆ ಹಾಜರಿ ಹಾಕಬೇಕಿತ್ತು. ಬಾಯಿಬಿಟ್ಟರೆ ಜಾತಿ ಗೊತ್ತಾಗುವ ಕಾಲದಲ್ಲಿ ಬೀದಿಯಲ್ಲಿ ತಾಯಿಮಾತು ಆಡೋರು ಯಾರು? ಕಾಯ್ದೆ 1952ರಲ್ಲಿ ರದ್ದಾಯಿತು. ಅಂಜಿಕೆ, ಅವಮಾನ ಅಷ್ಟು ಬೇಗ ಹೋಗಲಿಲ್ಲ.

ಬಂಧುಗಳು ಇವತ್ತು ಬೇರೆ ಬೇರೆ ಪಟ್ಟಿಯಲ್ಲಿದ್ದಾರೆ. ನಮ್ಮಲ್ಲಿ ಕೊರಮ, ಕೊರಚರು ಪರಿಶಿಷ್ಟ ಜಾತಿ. ಆಂಧ್ರದಲ್ಲಿ ಎರುಕಲರು ಪರಿಶಿಷ್ಟ ಪಂಗಡ. ಮಹಾರಾಷ್ಟ್ರದ ಕೈಕಾಡಿಗಳು ವಿದರ್ಭದಲ್ಲಿ ಪರಿಶಿಷ್ಟ ಜಾತಿ, ಉಳಿದ ಕಡೆ ವಿಮುಕ್ತ ಜಾತಿ. ಆ ಕೈಕಾಡಿ ಸಮುದಾಯದ ಲಕ್ಷ್ಮಣ ಮಾನೆ ಮರಾಠಿಯಲ್ಲಿ ಬರೆದ ಆತ್ಮಕಥೆ 'ಉಪರಾ' 1981ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು.

ಕುಳುವಿಗೆ ಸ್ವಂತ ಲಿಪಿ ಇಲ್ಲ. ಕನ್ನಡ ಅಕ್ಷರದಲ್ಲೇ ಬರೆದಿಡಬಹುದು. ನಿಮ್ಮ ಮನೆಯಲ್ಲಿ ಈ ಮಾತು ಆಡುವ ಅಜ್ಜಿ ಇದ್ದರೆ, ಇವತ್ತು ಸಂಜೆ ಒಪ್ಪಿಗೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಬುಟ್ಟಿ ಹೆಣೆಯುವ ಪದಗಳಿಂದಲೇ ಶುರು ಮಾಡಿ. ಅವು ಅಜ್ಜಿಗೆ ಚೆನ್ನಾಗಿ ಗೊತ್ತಿರುತ್ತವೆ.