ತುಪ್ಪುಳದ ಕೋಟು ಶಿಖರ ಏರಿದ ಬಗೆ

ಬಾತು, ಹೆಬ್ಬಾತುಗಳ ಎದೆಯ ಮೇಲೆ, ಹೊರಗರಿಗಳ ಅಡಿಯಲ್ಲಿ, ದಂಟಿಲ್ಲದ ಮೃದುವಾದ ತುಪ್ಪುಳವಿರುತ್ತದೆ. ಒಂದು ನಡುಬಿಂದುವಿನಿಂದ ಸುತ್ತಲೂ ಕವಲೊಡೆದ ಎಳೆಗಳ ಈ ಗುಚ್ಛ ತನ್ನ ತೂಕಕ್ಕೆ ಹೋಲಿಸಿದರೆ ಅಪಾರವಾದ ಗಾಳಿಯನ್ನು ಹಿಡಿದಿಡುತ್ತದೆ. ಅಲುಗಾಡದೆ ನಿಂತ ಗಾಳಿ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುವುದರಿಂದ ಮೈಯ ಬಿಸಿ ಹೊರಗೆ ಸೋರುವುದಿಲ್ಲ. ಪರ್ವತಾರೋಹಿಗಳು ಡೌನ್ ಜಾಕೆಟ್, ಡೌನ್ ಪಾರ್ಕಾ ಎಂದು ಕರೆಯುವ ಉಡುಪಿನ ಒಂದು ಶತಮಾನದ ಇತಿಹಾಸವೆಲ್ಲ ಈ ಗಾಳಿಯನ್ನು ಉಳಿಸಿಕೊಳ್ಳಲು ನಡೆದ ಪ್ರಯತ್ನಗಳದೇ. ಅದನ್ನು ಕೆಡಿಸುವ ಶತ್ರುಗಳು ಮೂರು: ಬೀಸುವ ಕುಳಿರ್ಗಾಳಿ, ಹೊಲಿಗೆಯ ಸಾಲು, ನೀರು. ಇಂದು ಪಾರ್ಕಾ ಕೊಳ್ಳಹೊರಟವರು ಪರೀಕ್ಷಿಸಬೇಕಾದದ್ದೂ ಈ ಮೂರನ್ನೇ.

ಪಾರ್ಕಾದ ಆಕಾರವನ್ನು ಜಗತ್ತಿಗೆ ಕೊಟ್ಟವರು ಉತ್ತರಧ್ರುವ ಪ್ರದೇಶದ ಜನರು. ಕೆನಡಾದ ಇನ್ಯುಯಿಟ್ ಹೆಂಗಸರು ಕ್ಯಾರಿಬೂ ಜಿಂಕೆಯ ಚರ್ಮದಿಂದ ಎರಡು ಪದರಗಳ ಉಡುಪು ಹೊಲಿಯುತ್ತಿದ್ದರು. ಒಳಗಿನದರ ರೋಮ ಮೈಯತ್ತ, ಹೊರಗಿನದರ ರೋಮ ಹೊರಕ್ಕೆ. ಕ್ಯಾರಿಬೂ ರೋಮದ ಒಳಗೇ ಗಾಳಿಯ ಟೊಳ್ಳುಗಳಿವೆ. ತಲೆಗವಸು ಕೋಟಿಗೇ ಸೇರಿಕೊಂಡಿರುತ್ತಿದ್ದುದರಿಂದ ಕುತ್ತಿಗೆಯ ಬಳಿ ಗಾಳಿ ನುಗ್ಗಲು ಸಂದು ಇರಲಿಲ್ಲ. ಮುಖದ ಸುತ್ತ, ಉಸಿರಿನ ಹಬೆ ಹೆಪ್ಪುಗಟ್ಟಿದರೂ ಸುಲಭವಾಗಿ ಉದುರಿಸಬಹುದಾದ, ವುಲ್ವರಿನ್ ಎಂಬ ಪ್ರಾಣಿಯ ರೋಮದ ಅಂಚು. ಉಡುಪು ಸಡಿಲವಾಗಿದ್ದು, ಮೈ ಬೆವರುವ ಮೊದಲೇ ಬಿಸಿಗಾಳಿ ಹೊರಹೋಗಲು ಅವಕಾಶವಿತ್ತು. ನಾರ್ವೆಯ ರೊಆಲ್ಡ್ ಅಮುಂಡ್ಸೆನ್ 1903ರಿಂದ 1905ರವರೆಗೆ ನೆಟ್ಸಿಲಿಕ್ ಇನ್ಯುಯಿಟ್ ಜನರ ನೆರೆಯಲ್ಲಿ ಚಳಿಗಾಲ ಕಳೆದು ಈ ವಿದ್ಯೆ ಕಲಿತರು. 1911ರ ಡಿಸೆಂಬರ್ 14ರಂದು ಅವರ ತಂಡ ದಕ್ಷಿಣಧ್ರುವ ಮುಟ್ಟಿತು. ಅದೇ ಧ್ರುವದತ್ತ ಹೊರಟಿದ್ದ ಬ್ರಿಟನ್ನಿನ ರಾಬರ್ಟ್ ಸ್ಕಾಟ್ ತಂಡದವರು ಉಣ್ಣೆಯ ಮೇಲೆ ಗಾಳಿ ತಡೆಯುವ ಗ್ಯಾಬರ್ಡಿನ್ ಬಟ್ಟೆ ತೊಟ್ಟಿದ್ದರು. ಅಮುಂಡ್ಸೆನ್ ತಂಡದ ಬಂಡಿಗಳನ್ನು ನಾಯಿಗಳು ಎಳೆದವು. ಸ್ಕಾಟ್ ತಂಡದವರು ತಾವೇ ಎಳೆಯುತ್ತ ಬೆವರಿದರು. ಹಾಗಾಗಿ ಒಂದು ಉಡುಪು ಜಾಣತನದ್ದು, ಇನ್ನೊಂದು ದಡ್ಡತನದ್ದು ಎಂದು ತೀರ್ಪು ಕೊಡುವುದು ನ್ಯಾಯವಲ್ಲ. ಮೈ ಎಷ್ಟು ದುಡಿಯುತ್ತದೆ ಎಂಬುದರ ಮೇಲೆ ಉಡುಪು ನಿರ್ಧಾರವಾಗಬೇಕು ಎಂಬ ಪಾಠ ಮಾತ್ರ ಆಗಲೇ ಸಿಕ್ಕಿತ್ತು.

ಕಡಿದಾದ ಬಂಡೆ ಹತ್ತುವವರಿಗೆ ರೋಮದ ಚರ್ಮ ತೀರ ಭಾರ, ತೀರ ದಪ್ಪ. ಆಲ್ಪ್ಸ್ ಮತ್ತು ಹಿಮಾಲಯದ ಆರಂಭದ ಆರೋಹಿಗಳು ರೇಷ್ಮೆ, ಫ್ಲಾನೆಲ್, ಉಣ್ಣೆಗಳನ್ನು ಒಂದರ ಮೇಲೊಂದು ತೊಟ್ಟು, ಮೇಲೆ ಗ್ಯಾಬರ್ಡಿನ್ ಹಾಕಿ, ಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದರು. ಈ ಪದ್ಧತಿಯಿಂದ ಮೊದಲು ಹೊರಬಂದವರು ಜಾರ್ಜ್ ಇಂಗಲ್ ಫಿಂಚ್.

1888ರಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಫಿಂಚ್ ಜೂರಿಕ್‌ನಲ್ಲಿ ರಸಾಯನಶಾಸ್ತ್ರ ಓದಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. 1922ರ ಬ್ರಿಟಿಷ್ ಎವರೆಸ್ಟ್ ತಂಡಕ್ಕೆ ಸೇರಿದಾಗ ಚಳಿಯನ್ನು ಅವರು ಪ್ರಯೋಗಶಾಲೆಯ ಸಮಸ್ಯೆಯಾಗಿ ನೋಡಿದರು. ಬಲೂನುಗಳಿಗೆ ಬಳಸುವ, ಗಾಳಿ ತೂರದ ಬಟ್ಟೆಯನ್ನು ತರಿಸಿ, ಅದರೊಳಗೆ ಐಡರ್ ಬಾತಿನ ತುಪ್ಪುಳ ತುಂಬಿಸಿ, ಮೊಣಕಾಲು ಮುಟ್ಟುವ ಹಸಿರು ಕೋಟೊಂದನ್ನು ಹೊಲಿಸಿಕೊಂಡರು. ಐಡರ್ ತುಪ್ಪುಳವನ್ನು ಹಕ್ಕಿಯಿಂದ ಕೀಳುವುದಿಲ್ಲ. ಹೆಣ್ಣು ಹಕ್ಕಿ ತನ್ನ ಎದೆಯಿಂದಲೇ ಕಿತ್ತು ಗೂಡಿಗೆ ಹಾಸಿದ್ದನ್ನು ಐಸ್‌ಲೆಂಡ್ ಮುಂತಾದ ಕಡೆ ರೈತರು ಗೂಡಿನಿಂದ ಆರಿಸಿಕೊಳ್ಳುತ್ತಾರೆ. ಒಂದು ಕಿಲೋ ಆಗಲು ಸುಮಾರು 60 ಗೂಡುಗಳು ಬೇಕು. ಎಳೆಗಳಲ್ಲಿ ಸೂಕ್ಷ್ಮವಾದ ಕೊಕ್ಕೆಗಳಿದ್ದು ಗುಚ್ಛಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ.

ವಾಡಿಕೆಯ ಉಣ್ಣೆಯ ಉಡುಪು ತೊಟ್ಟ ಸಹಾರೋಹಿಗಳ ನಡುವೆ ಈ ಉಬ್ಬಿದ ಕೋಟು ಮೊದಲು ನಗೆಗೀಡಾಯಿತು. ಎತ್ತರದ ಶಿಬಿರಗಳ ಗಾಳಿಗೆ ಸಿಕ್ಕ ಮೇಲೆ ಆ ನಗು ಅಸೂಯೆಯಾಗಿ ಬದಲಾಯಿತೆಂದು ಫಿಂಚ್ ಬರೆದಿಟ್ಟಿದ್ದಾರೆ. ಮೇ ತಿಂಗಳ ಕೊನೆಯಲ್ಲಿ ಫಿಂಚ್, ಅದಕ್ಕೂ ಮುನ್ನ ಪರ್ವತಾರೋಹಣವನ್ನೇ ಮಾಡಿರದ ಜೆಫ್ರಿ ಬ್ರೂಸ್, ಗೂರ್ಖಾ ಸೈನಿಕ ತೇಜಬೀರ್ ಬುರಾ ಈ ಮೂವರು ಸುಮಾರು 7,770 ಮೀಟರ್ ಎತ್ತರದ ಗುಡಾರದಲ್ಲಿ ಬಿರುಗಾಳಿಗೆ ಸಿಕ್ಕಿ ಎರಡು ರಾತ್ರಿ ಕಳೆದರು. ಮೇ 27ರಂದು ಫಿಂಚ್ ಮತ್ತು ಬ್ರೂಸ್ ಆಮ್ಲಜನಕದ ನೆರವಿನಿಂದ ಸುಮಾರು 8,320 ಮೀಟರ್ ತಲುಪಿದರು. ಅಷ್ಟು ಎತ್ತರಕ್ಕೆ ಅಲ್ಲಿಯವರೆಗೆ ಯಾರೂ ಏರಿರಲಿಲ್ಲ.

ಇಷ್ಟು ಸ್ಪಷ್ಟವಾದ ಸಾಕ್ಷ್ಯವಿದ್ದರೂ ಕೋಟು ಹಿಂದೆ ಉಳಿಯಿತು. ಇಂಗ್ಲೆಂಡಿಗೆ ಮರಳಿದ ಮೇಲೆ ವಾದವೆಲ್ಲ ಆಮ್ಲಜನಕ ಬಳಸುವುದು ಕ್ರೀಡಾಧರ್ಮವೇ ಎಂಬುದರ ಸುತ್ತ ನಡೆಯಿತು. ಉಪನ್ಯಾಸಗಳ ಹಣದ ವಿಷಯದಲ್ಲಿ ಎವರೆಸ್ಟ್ ಸಮಿತಿಯೊಂದಿಗೆ ಜಗಳವಾಗಿ ಫಿಂಚ್ 1924ರ ತಂಡದಿಂದ ಹೊರಗುಳಿದರು. ಅವರ ಜೊತೆಗೆ ಅವರ ಕೋಟೂ ಹೊರಗುಳಿದದ್ದು ಪರ್ವತಾರೋಹಣದ ಇತಿಹಾಸದ ದೊಡ್ಡ ನಷ್ಟಗಳಲ್ಲಿ ಒಂದು. 1924ರ ಜೂನ್ 8ರಂದು ಶಿಖರದತ್ತ ಹೊರಟು ಮರೆಯಾದ, ಆ ತಂಡದ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ಸುಮಾರು 8,155 ಮೀಟರ್ ಎತ್ತರದಲ್ಲಿ ಸಿಕ್ಕಾಗ ಮೈಮೇಲಿದ್ದವು ಹತ್ತಿ, ರೇಷ್ಮೆ, ಉಣ್ಣೆ, ಗ್ಯಾಬರ್ಡಿನ್‌ಗಳ ತೆಳು ಪದರಗಳು. ಅವುಗಳ ಪ್ರತಿಕೃತಿ ತಯಾರಿಸಿ 2006ರಲ್ಲಿ ಎವರೆಸ್ಟಿನಲ್ಲೇ ತೊಟ್ಟು ನೋಡಲಾಯಿತು. ಆ ಪದರಗಳು ಹಗುರ, ನಡೆಯುವಾಗ ಸಾಕಷ್ಟು ಬೆಚ್ಚಗೆ ಎಂದು ತಿಳಿದುಬಂತು. ಆದರೆ ಏರುವುದು ನಿಂತು, ಬಯಲಿನಲ್ಲಿ ರಾತ್ರಿ ಕಳೆಯುವ ಗತಿ ಬಂದರೆ ಜೀವ ಉಳಿಸುವ ಶಕ್ತಿ ಅವಕ್ಕಿರಲಿಲ್ಲ. ತುಪ್ಪುಳದ ಕೋಟು ಬೇಕಾಗುವುದು ಆ ಹೊತ್ತಿಗೇ.

ಎರಡನೆಯ ಶತ್ರುವಾದ ಹೊಲಿಗೆಯ ಕಥೆ ಅಮೆರಿಕದ ಸಿಯಾಟಲ್‌ನದು. ಅಲ್ಲಿ ಕ್ರೀಡಾಸಾಮಗ್ರಿಯ ಅಂಗಡಿ ಇಟ್ಟಿದ್ದ ಎಡ್ಡಿ ಬಾವರ್ 1930ರ ದಶಕದ ನಡುವೆ ಚಳಿಗಾಲದ ಮೀನುಬೇಟೆಗೆ ಹೋಗಿ, ನೆನೆದ ಉಣ್ಣೆಯಲ್ಲಿ ಮೈ ಮರಗಟ್ಟಿ ಸಾವಿನ ಅಂಚಿಗೆ ಬಂದಿದ್ದರು. 1936ರಲ್ಲಿ ಅವರು ಸ್ಕೈಲೈನರ್ ಎಂಬ ತುಪ್ಪುಳದ ಜಾಕೆಟ್ ತಂದರು. 1940ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಬಿಡಿಯಾಗಿ ತುಂಬಿದ ತುಪ್ಪುಳ ಕೆಳಕ್ಕೆ ಜಾರಿ ಹೆಗಲನ್ನು ಬರಿದು ಮಾಡುತ್ತದೆ. ಉತ್ತರ ಕರ್ನಾಟಕದ ಕೌದಿಯಲ್ಲಿ ಹೊಲಿಗೆಯ ಸಾಲುಗಳು ಪದರಗಳನ್ನು ಸರಿಯದಂತೆ ಹಿಡಿದಿಡುವಂತೆ, ಬಾವರ್ ಜಾಕೆಟ್ಟಿನ ಸಾಲುಗಳು ತುಪ್ಪುಳವನ್ನು ಅದರದರ ಜಾಗದಲ್ಲಿ ನಿಲ್ಲಿಸಿದವು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಮಾನಪಡೆಗಾಗಿ ಬಾವರ್ ತಯಾರಿಸಿದ ಪಾರ್ಕಾಗಳು ಸಾವಿರಾರು ಯುವಕರಿಗೆ ಈ ಉಡುಪಿನ ಪರಿಚಯ ಮಾಡಿಸಿದವು.

ಆದರೆ ಸೂಜಿ ಎರಡೂ ಬಟ್ಟೆಗಳನ್ನು ಚುಚ್ಚಿ ಒಂದಾಗಿಸಿದ ಕಡೆ ತುಪ್ಪುಳದ ದಪ್ಪ ಇರುವುದೇ ಇಲ್ಲ. ಆ ಗೆರೆಯುದ್ದಕ್ಕೂ ಶಾಖ ಸೋರುತ್ತದೆ. ಹೊರಬಟ್ಟೆಗೂ ಒಳಬಟ್ಟೆಗೂ ನಡುವೆ ತೆಳುವಾದ ಅಡ್ಡಪಟ್ಟಿಗಳನ್ನು ಗೋಡೆಯಂತೆ ಹೊಲಿದು, ಪೆಟ್ಟಿಗೆಯಾಕಾರದ ಕೋಣೆಗಳಲ್ಲಿ ತುಪ್ಪುಳ ತುಂಬುವುದು ಇದಕ್ಕೆ ಪರಿಹಾರ. ಖರ್ಚು ಹೆಚ್ಚು, ಕೆಲಸ ನಾಜೂಕು. ಇಂದಿಗೂ ಅತಿಶೀತದ ಪಾರ್ಕಾವನ್ನು ಸಾಧಾರಣ ಜಾಕೆಟ್ಟಿನಿಂದ ಬೇರ್ಪಡಿಸುವ ಮೊದಲ ಗುರುತು ಇದು. ಹೊಲಿಗೆಯ ಸಾಲನ್ನು ಎರಡು ಬೆರಳಿನ ನಡುವೆ ಒತ್ತಿದಾಗ ಬರೀ ಬಟ್ಟೆ ಸಿಕ್ಕರೆ ಅದು ಎತ್ತರದ ಶಿಬಿರದ ಉಡುಪಲ್ಲ.

ಯುದ್ಧದ ನಂತರ ಈ ಉಡುಪಿಗೆ ನೈಲಾನ್ ಬಂತು. ತುಪ್ಪುಳ ಹೊರಬರದಷ್ಟು ಒತ್ತಾಗಿ ನೇಯ್ದ ಹತ್ತಿಬಟ್ಟೆಗಿಂತ ಅದು ಎಷ್ಟೋ ಹಗುರ, ಗಾಳಿಯನ್ನೂ ತಡೆಯುತ್ತದೆ. ಫ್ರಾನ್ಸಿನ ಆರೋಹಿಗಳು ತುಪ್ಪುಳವನ್ನು ಮನಃಪೂರ್ವಕವಾಗಿ ಒಪ್ಪಿಕೊಂಡರು. 1950ರ ಜೂನ್ 3ರಂದು ಮಾರಿಸ್ ಎರ್ಜೋಗ್ ಮತ್ತು ಲೂಯಿ ಲಾಶ್ನಾಲ್ 8,091 ಮೀಟರ್ ಎತ್ತರದ ಅನ್ನಪೂರ್ಣಾ ಏರಿದರು. ಇಳಿಯುವಾಗ ಎರ್ಜೋಗ್ ಕೈಗವಸು ಕಳೆದುಕೊಂಡರು. ಹಿಮದ ಬಿರುಕಿನಲ್ಲಿ ರಾತ್ರಿ ಕಳೆಯಬೇಕಾಯಿತು. ಕೊನೆಗೆ ಕೈಕಾಲುಗಳ ಬೆರಳುಗಳನ್ನು ಕತ್ತರಿಸಬೇಕಾಯಿತು. ಮೈಯನ್ನು ಕಾಯುವ ಕೋಟು ಅಂಗೈ ಅಂಗಾಲುಗಳನ್ನು ಕಾಯಲಾರದು. 1952ರಲ್ಲಿ ಗ್ರನೋಬಲ್ ಬಳಿ ಆರಂಭವಾದ ಮೊಂಕ್ಲೇರ್ ಕಂಪನಿ ಆರೋಹಿ ಲಿಯೊನೆಲ್ ತೆರೇಯ ಸಲಹೆ ಪಡೆದು ಉಡುಪು ತಯಾರಿಸಿತು. 1954ರಲ್ಲಿ ಕೆ2 ಶಿಖರವನ್ನು ಮೊದಲ ಬಾರಿ ಏರಿದ ಇಟಲಿಯ ತಂಡಕ್ಕೆ ಜಾಕೆಟ್ ಒದಗಿಸಿತು. ಆ ಆರೋಹಣದ ಹಿಂದಿನ ರಾತ್ರಿ ಅದೇ ತಂಡದ ವಾಲ್ಟರ್ ಬೊನಾಟ್ಟಿ ಮತ್ತು ಹುಂಜಾದ ಅಮೀರ್ ಮೆಹದಿ ಗುಡಾರವಾಗಲಿ ಮಲಗುಚೀಲವಾಗಲಿ ಇಲ್ಲದೆ ಸುಮಾರು 8,100 ಮೀಟರ್ ಎತ್ತರದಲ್ಲಿ ಬೆಳಗು ಮಾಡಿದರು. ಇಬ್ಬರೂ ಬದುಕಿದರು, ಮೆಹದಿ ಕಾಲ್ಬೆರಳುಗಳನ್ನು ಕಳೆದುಕೊಂಡರು.

1953ರ ಮೇ 29ರಂದು ಹಿಲರಿ ಮತ್ತು ತೇನ್‌ಸಿಂಗ್ ಎವರೆಸ್ಟ್ ಏರಿದ್ದು ತುಪ್ಪುಳದ ಉಡುಪಿನಲ್ಲಿ, ಆಮ್ಲಜನಕ ಉಸಿರಾಡುತ್ತ. ಎರಡಕ್ಕೂ 31 ವರ್ಷ ಮೊದಲೇ ವಾದಿಸಿದ್ದ ಫಿಂಚ್ ಆ ಹೊತ್ತಿಗೆ ಭಾರತದಲ್ಲೇ ಇದ್ದರು: 1952ರಿಂದ 1957ರವರೆಗೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯಕ್ಕೆ ಅವರೇ ನಿರ್ದೇಶಕರು.

ಭಾರತಕ್ಕೆ ಈ ಉಡುಪು ಬರೀ ಸಾಹಸದ ವಸ್ತುವಾಗಿ ಉಳಿಯಲಿಲ್ಲ. 1962ರ ಅಕ್ಟೋಬರಿನಲ್ಲಿ ಚೀನಾ ಗಡಿಯ ನಮ್ಕಾ ಚು ಕಣಿವೆಗೆ ಹೋದ ಸೈನಿಕರಲ್ಲಿ ಎಷ್ಟೋ ಜನರ ಮೈಮೇಲೆ ಇದ್ದದ್ದು ಹತ್ತಿಯ ಸಮವಸ್ತ್ರ, ಕಾಲಲ್ಲಿ ಕ್ಯಾನ್‌ವಾಸ್ ಬೂಟು. 1984ರ ಏಪ್ರಿಲ್ 13ರಂದು ಸಿಯಾಚಿನ್ ಹಿಮನದಿಯಲ್ಲಿ ಭಾರತೀಯ ಸೇನೆಯ ಆಪರೇಷನ್ ಮೇಘದೂತ್ ಆರಂಭವಾದಾಗ ಯುರೋಪಿನಿಂದ ತರಿಸಿದ ವಿಶೇಷ ಉಡುಪು ಸ್ವಲ್ಪ ಮುಂಚೆಯಷ್ಟೇ ಪಡೆಯ ಕೈ ಸೇರಿತ್ತು. ಅಲ್ಲಿನ ಕೆಲವು ಠಾಣೆಗಳು 6,000 ಮೀಟರಿಗೂ ಮೇಲಿವೆ. ತಾಪಮಾನ ಮೈನಸ್ 50 ಡಿಗ್ರಿಯ ಹತ್ತಿರಕ್ಕೆ ಇಳಿಯುವುದುಂಟು. 2016ರ ಫೆಬ್ರುವರಿಯಲ್ಲಿ ಅಲ್ಲೇ ಹಿಮಕುಸಿತದಡಿ ಆರು ದಿನ ಜೀವ ಹಿಡಿದು, ಹೊರತೆಗೆದ ಮೇಲೆ ದೆಹಲಿಯಲ್ಲಿ ಪ್ರಾಣಬಿಟ್ಟ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಧಾರವಾಡ ಜಿಲ್ಲೆಯ ಬೆಟದೂರಿನವರು. ಅಂಥ ಕುಸಿತದಿಂದ ಯಾವ ಉಡುಪೂ ಕಾಪಾಡಲಾರದು. ಆದರೆ ದಿನನಿತ್ಯದ ಪಹರೆಯಲ್ಲಿ ಗಂಟೆಗಟ್ಟಲೆ ನಿಲ್ಲುವ ಯೋಧನಿಗೆ ಒಳ್ಳೆಯ ಕೋಟು ಆಹಾರದಷ್ಟೇ ಅಗತ್ಯ.

ಮೂರನೆಯ ಶತ್ರು ನೀರು. ನೆನೆದ ತುಪ್ಪುಳದ ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ, ಗಾಳಿ ಹೊರಬೀಳುತ್ತದೆ, ಒಣಗಲು ಬಹಳ ಹೊತ್ತು ಬೇಕು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್ಕನ್ನು ಹಿಗ್ಗಿಸಿದ ಪೊರೆಯನ್ನು ಕಂಡುಹಿಡಿದರು. 1970ರ ದಶಕದಲ್ಲಿ ಗೋರ್‌ಟೆಕ್ಸ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಈ ಪೊರೆ ಮಳೆನೀರನ್ನು ತಡೆದು ಬೆವರಿನ ಹಬೆಯನ್ನು ಹೊರಬಿಡುತ್ತದೆ. 1980ರ ದಶಕದಲ್ಲಿ ಅಮೆರಿಕದ ಸೇನೆಗಾಗಿ ರೂಪಿಸಿದ ಪ್ರೈಮಾಲಾಫ್ಟ್ ಎಂಬ ಕೃತಕ ನಾರು ನೆನೆದರೂ ಸ್ವಲ್ಪಮಟ್ಟಿಗೆ ಬೆಚ್ಚಗಿರುತ್ತದೆ. ಅದು ತುಪ್ಪುಳಕ್ಕಿಂತ ಭಾರ, ಒತ್ತಿ ಮಡಚಿದಷ್ಟೂ ಬೇಗ ಸೊರಗುತ್ತದೆ. ಮೈನಸ್ 20ರ ಒಣ ಚಳಿಯಲ್ಲಿ ತುಪ್ಪುಳಕ್ಕೆ ಸಮನಾದದ್ದಿಲ್ಲ. ಸೊನ್ನೆಯ ಆಸುಪಾಸಿನ ಒದ್ದೆ ಹಿಮದಲ್ಲಿ ಕೃತಕ ನಾರೇ ಮೇಲು.

ಅಂಗಡಿಯ ಚೀಟಿಯ ಮೇಲಿನ ಫಿಲ್ ಪವರ್ ಎಂಬ ಅಂಕಿ ಕೊಳ್ಳುವವರನ್ನು ಬಹಳ ದಾರಿತಪ್ಪಿಸಿದೆ. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತುಪ್ಪುಳ ಎಷ್ಟು ಘನ ಇಂಚು ಉಬ್ಬುತ್ತದೆ ಎಂಬುದು ಅದರ ಅಳತೆ. 800 ಎಂದರೆ ಸುಮಾರು 13 ಲೀಟರ್, 550 ಎಂದರೆ 9 ಲೀಟರ್. ಇದು ತುಪ್ಪುಳದ ಗುಣದ ಅಳತೆಯೇ ಹೊರತು ಕೋಟಿನ ಬೆಚ್ಚಗಿನ ಅಳತೆಯಲ್ಲ. 600 ಅಂಕಿಯ ತುಪ್ಪುಳ 300 ಗ್ರಾಂ ಇರುವ ಪಾರ್ಕಾ, 800 ಅಂಕಿಯದು 100 ಗ್ರಾಂ ಮಾತ್ರ ಇರುವ ಜಾಕೆಟ್ಟಿಗಿಂತ ಎರಡು ಪಟ್ಟಿಗೂ ಹೆಚ್ಚು ಗಾಳಿ ಹಿಡಿಯುತ್ತದೆ. ಆದ್ದರಿಂದ ತುಂಬಿದ ತುಪ್ಪುಳದ ತೂಕವನ್ನು ಕೇಳದೆ ಅಂಕಿಯನ್ನಷ್ಟೇ ನೋಡಿ ಹಣ ಕೊಡಬಾರದು. ಹೆಲ್ಮೆಟ್ ಮೇಲೆ ಕೂರುವ ತಲೆಗವಸು, ದಪ್ಪ ಕೈಗವಸಿನಲ್ಲೂ ಎಳೆಯಬಹುದಾದ ಜಿಪ್, ಜಿಪ್ಪಿನ ಹಿಂದೆ ಗಾಳಿ ತಡೆಯುವ ಪಟ್ಟಿ, ಸೊಂಟ ಮುಚ್ಚುವ ಉದ್ದ, ಒಳಪದರಗಳ ಮೇಲೆ ಬಿಗಿಯಾಗದ ಅಳತೆ ಇವೂ ಅಷ್ಟೇ ಮುಖ್ಯ. ಬಿಗಿಯಾದ ಕೋಟು ತನ್ನ ತುಪ್ಪುಳವನ್ನು ತಾನೇ ಅದುಮಿ ಚಪ್ಪಟೆ ಮಾಡುತ್ತದೆ.

ಹಕ್ಕಿಗಳ ಮೇಲಿನ ಕ್ರೌರ್ಯದ ಪ್ರಶ್ನೆಯನ್ನು ಬದಿಗೆ ಸರಿಸುವಂತಿಲ್ಲ. ಮಾರುಕಟ್ಟೆಯ ಬಹುಪಾಲು ತುಪ್ಪುಳ ಮಾಂಸಕ್ಕಾಗಿ ಸಾಕಿದ ಬಾತು, ಹೆಬ್ಬಾತುಗಳದು. ಕೆಲವೆಡೆ ಜೀವಂತ ಹಕ್ಕಿಯಿಂದಲೇ ಕೀಳುತ್ತಿದ್ದರು. ಅದನ್ನು ನಿಷೇಧಿಸುವ ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್ ಎಂಬ ಪ್ರಮಾಣೀಕರಣ 2014ರಲ್ಲಿ ಜಾರಿಗೆ ಬಂತು. ಚೀಟಿಯಲ್ಲಿ ಆ ಗುರುತು ಇರುವುದನ್ನೇ ಆರಿಸುವುದು ಕೊಳ್ಳುವವರ ಕರ್ತವ್ಯ.

ಉತ್ತರಾಖಂಡ, ಹಿಮಾಚಲಗಳ ಚಳಿಗಾಲದ ಚಾರಣಕ್ಕೆ ಹೊರಡುವವರಿಗೆ ಎಂಟು ಸಾವಿರ ಮೀಟರಿನ ಪಾರ್ಕಾ ಬೇಕಿಲ್ಲ. ತಲೆಗವಸಿರುವ ನಡುದಪ್ಪದ ಡೌನ್ ಜಾಕೆಟ್, ಒಳಗೆ ಉಣ್ಣೆ, ಮೇಲೆ ಗಾಳಿ ತಡೆಯುವ ಪದರ ಸಾಕು. ಯಾವುದೇ ಆಗಲಿ, ಏರುವಾಗ ಅದನ್ನು ಚೀಲದಲ್ಲಿಟ್ಟು, ನಿಂತ ಕೂಡಲೇ ತೊಡಬೇಕು. ತೊಟ್ಟು ಏರಿದರೆ ಬೆವರು ಒಳಗಿನಿಂದಲೇ ತುಪ್ಪುಳವನ್ನು ನೆನೆಸುತ್ತದೆ, ಸಂಜೆಯ ಚಳಿಗೆ ಕೋಟು ಕೆಲಸಕ್ಕೆ ಬರುವುದಿಲ್ಲ.